ನಮ್ಮ ನ್ಯಾಮತಿ ಬಾತ್ಮೀದಾರರಿಂದ

ನ್ಯಾಮತಿ ಪೇಟೆಯವರು ಎರಡು ವರ್ಷದಿಂದ ಒಬ್ಬ ಮನುಷ್ಯನಿಗೆ ಹೆದರಿಕೊಂಡು ಬದುಕುತ್ತಿದ್ದರು. ಆದರೆ ಆ ಮನುಷ್ಯ ನಿಜವಾಗಿ ಯಾರೆಂದು ಅವರಿಗೆ ಗೊತ್ತಿರಲಿಲ್ಲ. ಶಿವಮೊಗ್ಗೆಯಿಂದ ವಾರಕ್ಕೊಮ್ಮೆ ಬರುವ ನಾಲ್ಕು ಪುಟದ ಪತ್ರಿಕೆಯೊಂದಿತ್ತು. ಅದರ ಮೂರನೆಯ ಪುಟದಲ್ಲಿ ‘ನಮ್ಮ ನ್ಯಾಮತಿ ಬಾತ್ಮೀದಾರರಿಂದ’ ಎಂಬ ತಲೆಬರಹದ ಕೆಳಗೆ ಊರಿನ ಸುದ್ದಿ ಎಂಟು ಹತ್ತು ಸಾಲು ಅಚ್ಚಾಗುತ್ತಿತ್ತು. ಯುದ್ಧದ ದೆಸೆಯಿಂದ ಕಾಗದಕ್ಕೆ ಬರ ಬಂದ ಕಾಲ, ಅದಕ್ಕಿಂತ ಹೆಚ್ಚು ಜಾಗ ಯಾವ ಊರಿಗೂ ಸಿಗುತ್ತಿರಲಿಲ್ಲ. ಅಷ್ಟರಲ್ಲೇ ರೇಷನ್ನಿನ ಸೀಮೆಎಣ್ಣೆ ಯಾರ ಹಿತ್ತಲ ಬಾಗಿಲಿಂದ ಹೋಗುತ್ತದೆ, ಶಾಲೆಯ ಮೇಷ್ಟ್ರು ವಾರದಲ್ಲಿ ಎಷ್ಟು ದಿನ ಬರುತ್ತಾರೆ, ಸವಳಂಗದ ದಾರಿಯ ಮೋರಿ ಕುಸಿದು ಎಷ್ಟು ತಿಂಗಳಾಯಿತು ಎಂಬುದೆಲ್ಲ ಬಂದುಬಿಡುತ್ತಿತ್ತು. ಮೋರಿ ರಿಪೇರಿಯಾಯಿತು. ಮೇಷ್ಟ್ರು ದಿನಾ ಬರತೊಡಗಿದರು. ಪಟೇಲರ ಚಾವಡಿಯಲ್ಲಿ ಕೂತವರು ‘ಪೇಪರಿನೋರ ಕಿವಿಗೆ ಬಿದ್ದೀತು’ ಎಂದು ದನಿ ತಗ್ಗಿಸಿ ಮಾತಾಡುವುದು ರೂಢಿಯಾಯಿತು.

ಹಾಗೆ ದನಿ ತಗ್ಗಿಸುವಾಗ ಅವರು ಆಚೆ ಈಚೆ ಎಲ್ಲ ನೋಡುತ್ತಿದ್ದರು. ಅಂಗಳ ಗುಡಿಸುತ್ತಿದ್ದ ಕುಳವಾಡಿ ಮಾರಪ್ಪನನ್ನು ಮಾತ್ರ ನೋಡುತ್ತಿರಲಿಲ್ಲ. ಬಾತ್ಮೀದಾರ ಅವನೇ.

ಊರು ಅವನಿಗೆ ಇಟ್ಟಿದ್ದ ಹೆಸರು ಬೇರೆ, ಸುದ್ದಿ ಮಾರ. ಪೇಟೆಯ ಮನೆಗಳಲ್ಲಿ ಯಾರಾದರೂ ತೀರಿಕೊಂಡರೆ ನೆಂಟರ ಊರಿಗೆಲ್ಲ ನಡೆದುಹೋಗಿ ಸಾವಿನ ಸುದ್ದಿ ಮುಟ್ಟಿಸುವುದು ಅವನ ಅಜ್ಜನ ಕಾಲದಿಂದ ಆ ಮನೆತನದ ಮೇಲೆ ಬಿದ್ದ ಕೆಲಸ. ಉಣ್ಣಲು ಕೂತಿದ್ದರೂ ಏಳಬೇಕು, ಜ್ವರ ಬಂದು ಮಲಗಿದ್ದರೂ ಹೊರಡಬೇಕು. ಹೊನ್ನಾಳಿ, ಚನ್ನಗಿರಿ, ಸವಳಂಗ, ಎಲ್ಲೆಲ್ಲಿ ಬೀಗರಿದ್ದಾರೋ ಅಲ್ಲೆಲ್ಲ ಅವನ ಕಾಲು ಸವೆದಿತ್ತು. ಆದರೆ ಆದಿ ಕರ್ನಾಟಕ ಶಾಲೆಯಲ್ಲಿ ನಾಲ್ಕನೆಯ ಕ್ಲಾಸಿನವರೆಗೆ ಓದಿದ್ದ ಈ ಸುದ್ದಿ ಮಾರನ ಅಕ್ಷರ ಶಾನುಭೋಗರ ಅಕ್ಷರಕ್ಕಿಂತ ದುಂಡಗಿದೆ ಎಂಬುದು ಪೇಟೆಗೆ ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳುವ ಅಗತ್ಯವೂ ಯಾರಿಗೂ ಬಿದ್ದಿರಲಿಲ್ಲ.

ಬರೆಯುವ ಹುಚ್ಚು ಹತ್ತಿಸಿದವನು ಖಲಂದರ್ ಸಾಬ. ಜಗಳೂರಿನವನು, ಪಾತ್ರೆಗೆ ಕಲಾಯಿ ಹಾಕುತ್ತ ಸಂತೆಯಿಂದ ಸಂತೆಗೆ ತಿರುಗುವವನು. ನ್ಯಾಮತಿಗೆ ಬಂದಾಗ ಅವನ ಒಲೆಗೆ ಮಾರಪ್ಪ ತಿದಿ ಒತ್ತಿಕೊಡುತ್ತಿದ್ದ. ಒಂದು ದಿನ ಸಾಮಾನು ಕಟ್ಟಿಕೊಂಡು ಬಂದ ಹಳೆಯ ಪೇಪರನ್ನು ಬಿಡಿಸಿ, ‘ಪ್ರತಿ ಊರಿನಿಂದಲೂ ಬಾತ್ಮೀದಾರರು ಬೇಕಾಗಿದ್ದಾರೆ’ ಎಂಬ ಸಾಲನ್ನು ಖಲಂದರ್ ಬೆರಳಿಟ್ಟು ತೋರಿಸಿದ.

"ಬಾತ್ಮೀದಾರ ಅಂದ್ರೆ ಯಾರು ಸಾಬ್ರೆ?"

"ಅರೆ, ಅಷ್ಟೂ ಗೊತ್ತಿಲ್ವಾ? ನಮ್ಮ ಮಂದಿ ಅಖಬಾರ್‌ನವೀಸ್ ಅಂತೀವಿ. ಬೆಂಗಳೂರು ಪೇಪರಿನಾಗೆ ಪ್ರತಿನಿಧಿ ಅಂತ ಹಾಕ್ಕೊಂತಾರೆ, ಇನ್ನೊಂದರಾಗೆ ವರದಿಗಾರ ಅಂತ ನೋಡೀನಿ. ಒಬ್ಬೊಬ್ರು ಒಂದೊಂದು ಟೋಪಿ ಇಕ್ಕೊಂತಾರೆ, ಕೆಲ್ಸ ಮಾತ್ರ ಒಂದೇ. ಆಗಿದ್ದನ್ನ ಆದಂಗೆ ಹೇಳೋದು."

"ಅದು ನಾನು ಮಾಡ್ತಿರೋ ಕೆಲ್ಸಾನೇ ಅಲ್ಲೇನ್ರಿ?"

"ಅದೇ ಹೇಳಾಕೆ ಹತ್ತೀನಿ ಮಾರಪ್ಪ. ನೀನು ಸತ್ತೋರ ಸುದ್ದಿ ಹೇಳ್ತೀಯ, ಅವ್ರು ಬದುಕಿರೋರ ಸುದ್ದಿ ಹೇಳ್ತಾರೆ. ಅವ್ರಿಗೆ ಕುರ್ಚಿ ಹಾಕ್ತಾರೆ, ನಿಂಗೆ ಹಾಕಲ್ಲ. ಅಷ್ಟೇ ಫರಕು."

ಮಾರಪ್ಪ ನಕ್ಕ. ಆದರೆ ಆ ಸಾಲು ತಲೆಯೊಳಗೆ ಕೂತುಬಿಟ್ಟಿತು. ಖಲಂದರನಿಂದಲೇ ಒಂದು ಕಾರ್ಡು ತರಿಸಿಕೊಂಡು ಮೋರಿಯ ವಿಷಯ ಬರೆದು ಹಾಕಿದ. ಹದಿನೈದು ದಿನಕ್ಕೆ ಅಚ್ಚಾಗಿ ಬಂತು.

ತೊಡಕು ಬಂದದ್ದು ವಿಳಾಸದಲ್ಲಿ. ಅಂಚೆಯವನು ಕೇರಿಯೊಳಗೆ ಕಾಲಿಡುತ್ತಿರಲಿಲ್ಲ. ಹಾಗಾಗಿ ಮಾರಪ್ಪ ತಾನು ಮೂಟೆ ಹೊರುತ್ತಿದ್ದ ನಾಗೇಂದ್ರಪ್ಪನ ದಿನಸಿ ಅಂಗಡಿಯ ವಿಳಾಸ ಕೊಟ್ಟ. ವಾರವಾರವೂ ‘ನ್ಯಾಮತಿ ಬಾತ್ಮೀದಾರರು, ನಾಗೇಂದ್ರಪ್ಪನವರ ಅಂಗಡಿ’ ಎಂದು ಬರೆದ ಪೇಪರಿನ ಸುರುಳಿ ಬಂದು ಅಂಗಡಿಯ ಹಲಗೆಯ ಮೇಲೆ ಬೀಳತೊಡಗಿತು. ಯಾರು ಬರೆಯುತ್ತಾರೆಂದು ನಾಗೇಂದ್ರಪ್ಪನಿಗೆ ಗೊತ್ತಿತ್ತು. ಪೇಟೆಯಲ್ಲಿ ಗೊತ್ತಿದ್ದವನು ಅವನೊಬ್ಬನೇ. ಆದರೆ ನೋಡಿದವರೆಲ್ಲ ಬಾತ್ಮೀದಾರರು ನಾಗೇಂದ್ರಪ್ಪನವರೇ ಎಂದು ತೀರ್ಮಾನಿಸಿದಾಗ ಆ ಪುಣ್ಯಾತ್ಮ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಮೀಸೆಯಡಿಯಲ್ಲಿ ಸಣ್ಣಗೆ ನಕ್ಕು ಬೆಲ್ಲ ತೂಗಿದ. ಆ ನಗೆಯೇ ಸಾಕಾಯಿತು. ಶಾಲೆಯ ವಾರ್ಷಿಕೋತ್ಸವದಲ್ಲಿ ಮುಂದಿನ ಸಾಲಿನ ಕುರ್ಚಿ ಬಂತು, ಕೊರಳಿಗೆ ಹಾರ ಬಂತು, ಮಾತು ಮಾತಿಗೆ ‘ತಮ್ಮಂಥ ಬಾತ್ಮೀದಾರರು’ ಬಂತು. ಬೇಲಿಯಾಚೆ ಹುಣಸೆಮರದ ಕೆಳಗೆ ನಿಂತು ಅದನ್ನೆಲ್ಲ ನೋಡಿದ ಮಾರಪ್ಪನ ಮೈ ಉರಿದುಹೋಯಿತು.

"ನಾನೇ ಅಂತ ಹೇಳಿಬಿಡ್ಲಾ?" ಎಂದು ಹೆಂಡತಿ ಉಚ್ಚಂಗಮ್ಮನನ್ನು ಕೇಳಿದ.

"ಹೇಳು. ನಾಳೆಯಿಂದ ನಿನ್ನೆದ್ರಿಗೆ ಯಾರು ಬಾಯಿ ಬಿಡ್ತಾರೆ ನೋಡಾಣ. ಚಾವಡಿ ಗುಡಿಸಾಕೂ ಬಿಡಾಕಿಲ್ಲ."

ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಸತ್ಯ ಹೇಳಬೇಕೆಂದರೆ ಮಾರಪ್ಪನಿಗೂ ಆ ಮರೆ ಅನುಕೂಲವಾಗಿತ್ತು. ಬಯ್ಗುಳ ಬಂದರೆ ನಾಗೇಂದ್ರಪ್ಪನಿಗೆ ಬರಲಿ, ಮೋರಿ ರಿಪೇರಿಯಾದರೆ ಸಾಕು ಎಂದು ತನಗೆ ತಾನೇ ಹೇಳಿಕೊಂಡು ಸುಮ್ಮನಾದ. ಅಲ್ಲೇ ಅವನು ಎಡವಿದ್ದು.

ನಲವತ್ತಮೂರನೆಯ ಇಸವಿಯ ಬೇಸಿಗೆಯಲ್ಲಿ ಕೇರಿಗೆ ವಾಂತಿಭೇದಿ ಬಂತು. ಪೇಟೆಗೆ ಸಿಹಿನೀರಿನ ಬಾವಿ ಇತ್ತು, ಕೇರಿಯವರಿಗೆ ಹಳ್ಳದ ಒರತೆಯೇ ಗತಿ. ಮೊದಲು ಹೋದವಳು ಮಾರಪ್ಪನ ತಾಯಿ ಗಿಡ್ಡಮ್ಮ. ಬೆಳಗ್ಗೆ ಸೌದೆ ಹೊತ್ತು ತಂದವಳು ಮರುದಿನ ಬೆಳಗ್ಗೆ ಇರಲಿಲ್ಲ. ಒಂಬತ್ತು ದಿನದಲ್ಲಿ ಹನ್ನೊಂದು ಜನ ಹೋದರು. ಪಟೇಲರ ಸಾವಿನ ಪುಸ್ತಕದಲ್ಲಿ ಇಬ್ಬರ ಹೆಸರಿನ ಮುಂದೆ ‘ಜ್ವರ’ ಎಂದು ಬಿತ್ತು, ಉಳಿದವರ ಹೆಸರೇ ಬೀಳಲಿಲ್ಲ. ಕಾರಣ ಗುಟ್ಟಿನದೇನಲ್ಲ. ವಾಂತಿಭೇದಿ ಅಂತ ಬರೆದರೆ ಸರ್ಕಾರ ಸಂತೆ ನಿಲ್ಲಿಸುತ್ತದೆ, ಸಂತೆ ನಿಂತರೆ ಪೇಟೆಯ ಅಂಗಡಿಗಳು ಮುಚ್ಚುತ್ತವೆ. ಕೇರಿಯ ಹನ್ನೊಂದು ಜನಕ್ಕಾಗಿ ಸಂತೆ ನಿಲ್ಲಿಸುವಷ್ಟು ಧಾರಾಳ ಯಾರಿಗೂ ಇರಲಿಲ್ಲ.

ಮನೆಯಲ್ಲಿ ಉಚ್ಚಂಗಮ್ಮ ತುಂಬಿದ ಬಸುರಿ. ರೋಗ ಎರಡು ಮನೆಯಾಚೆಗೆ ಬಂದು ನಿಂತಿತ್ತು. ಸೂಜಿ ಹಾಕುವವರು ಬರಬೇಕು, ಒರತೆಗೆ ಔಷಧ ಬೀಳಬೇಕು, ಅದೂ ಬೇಗ. ಮಾರಪ್ಪ ಅಳುವುದಕ್ಕೂ ಪುರುಸೊತ್ತು ಮಾಡಿಕೊಳ್ಳದೆ ಬರೆದ. ‘ನ್ಯಾಮತಿಯ ಆದಿ ಕರ್ನಾಟಕರ ಕೇರಿಯಲ್ಲಿ ಒಂಬತ್ತು ದಿನಗಳಲ್ಲಿ ಹನ್ನೊಂದು ಮಂದಿ ವಾಂತಿಭೇದಿಯಿಂದ ಮೃತರಾಗಿದ್ದಾರೆ. ಸೂಜಿ ಹಾಕುವವರು ಈವರೆಗೆ ಬಂದಿಲ್ಲ. ಸಂಬಂಧಪಟ್ಟವರು ಕೂಡಲೇ ಗಮನಿಸಬೇಕು.’ ಖಲಂದರನೇ ಶಿವಮೊಗ್ಗೆಯ ಇದ್ದಿಲು ಬಸ್ಸು ಹತ್ತಿ ಅದನ್ನು ಕೈಯಾರೆ ಕೊಟ್ಟು ಬಂದ. ಆ ವಾರವೇ ಅಚ್ಚಾಯಿತು.

ಐದನೆಯ ದಿನ ಹೊನ್ನಾಳಿಯಿಂದ ಅಮಲ್ದಾರರು ಬಂದು ಚಾವಡಿಯಲ್ಲಿ ಕೂತರು. ಪಟೇಲರು ಪುಸ್ತಕ ತೋರಿಸಿದರು. ಪುಸ್ತಕದಲ್ಲಿ ವಾಂತಿಭೇದಿ ಇರಲಿಲ್ಲ. ಅಮಲ್ದಾರರು ಪೇಪರನ್ನು ಮೇಜಿನ ಮೇಲೆ ಬಡಿದು, "ಹಾಗಾದರೆ ಇದನ್ನು ಬರೆದವರು ಯಾರು? ಆ ಬಾತ್ಮೀದಾರರನ್ನ ಕರೆಸಿ. ಅವರ ಬಾಯಿಂದಲೇ ಕೇಳೋಣ," ಎಂದರು.

ಪಟೇಲರು ಅಂಗಳದ ಕಡೆ ತಿರುಗಿದರು. "ಏ ಮಾರ, ಓಡು. ಬಾತ್ಮೀದಾರರನ್ನ ಕರಕೊಂಡು ಬಾ."

ಮಾರಪ್ಪ ನಿಂತಲ್ಲೇ ನಿಂತ. ನಾನೇ ಸ್ವಾಮಿ ಅನ್ನುವ ಮಾತು ಗಂಟಲವರೆಗೆ ಬಂತು. ಆ ಒಂದು ಗಳಿಗೆಯಲ್ಲಿ ಅವನು ಮಾಡಿದ ಯೋಚನೆ ಇಷ್ಟು: ಅಂಗಳದಲ್ಲಿ ಪೊರಕೆ ಹಿಡಿದವನು ಹೇಳಿದರೆ ಅಮಲ್ದಾರರು ನಂಬುತ್ತಾರೋ, ಹಾರ ಹಾಕಿಸಿಕೊಂಡ ಸಾಹುಕಾರ ಹೇಳಿದರೆ ನಂಬುತ್ತಾರೋ? ಹೇಳುವ ಸುದ್ದಿ ಒಂದೇ. ಬಾಯಿ ದೊಡ್ಡದಾದರೆ ಸೂಜಿ ಬೇಗ ಬರುತ್ತದೆ. ಎರಡು ವರ್ಷ ನನ್ನ ಬರವಣಿಗೆಯಿಂದ ಮರ್ಯಾದೆ ತಿಂದವನು ಇದೊಂದು ದಿನ ಅದಕ್ಕೆ ಬಾಯಿ ಕೊಡದೆ ಇರುತ್ತಾನೆಯೇ? ಮಾರಪ್ಪ ತಾನೇ ಓಡಿದ, ತಾನೇ ನಾಗೇಂದ್ರಪ್ಪನನ್ನು ಕರೆದ.

"ಸಾವ್ಕಾರ್ರೆ, ಅಮಲ್ದಾರ್ರು ಕೇಳ್ತಾರೆ. ನೀವೇ ಬರೆದದ್ದು ಅಂತ ಹೇಳ್ರಿ, ನಂದೇನು ತಕರಾರಿಲ್ಲ. ಹನ್ನೊಂದು ಜನ ಹೋಗಿದ್ದು ಖರೆ ಅಂತ ಹೇಳ್ರಿ, ಸಾಕು."

"ಆಯ್ತು ನಡಿ, ನಂಗೆ ಗೊತ್ತೈತೆ," ಎಂದು ನಾಗೇಂದ್ರಪ್ಪ ಕೋಟು ಹಾಕಿಕೊಂಡ.

ಚಾವಡಿಯಲ್ಲಿ ಅವನಿಗೆ ಕುರ್ಚಿ ಹಾಕಿದರು. ಇದು ನೀವು ಬರೆದದ್ದೇ ಎಂದು ಅಮಲ್ದಾರರು ಕೇಳಿದರು. ನಾಗೇಂದ್ರಪ್ಪ ಪೇಪರು ನೋಡಿದ, ಪಟೇಲರ ಮುಖ ನೋಡಿದ, ಬಾಗಿಲಲ್ಲಿ ಗುಂಪು ಕಟ್ಟಿದ್ದ ಅಂಗಡಿಯವರ ಮುಖ ನೋಡಿದ.

"ನಂದೇ ಸ್ವಾಮಿ," ಎಂದ. "ಆದ್ರೆ ಯಾರೋ ಹೇಳಿದ್ದು ಕೇಳಿ ಬರೆದುಬಿಟ್ಟೆ. ಆಮೇಲೆ ವಿಚಾರಿಸಿದೆ. ಒಬ್ರೋ ಇಬ್ರೋ ಮುದುಕ್ರು ಜ್ವರದಾಗೆ ಹೋಗ್ಯಾರೆ. ವಾಂತಿಭೇದಿ ಗೀಂತಿಭೇದಿ ಏನೂ ಇಲ್ಲ. ತಿದ್ದುಪಡಿ ಕಳಿಸ್ತೀನಿ."

ಮಾರಪ್ಪ ಅಂಗಳದಿಂದಲೇ ಕೂಗಿದ. "ಸುಳ್ಳು ಸ್ವಾಮಿ! ಬರೆದೋನು ನಾನು! ನಮ್ಮವ್ವ ಸತ್ತಾಳೆ ಅದ್ರಾಗೆ!"

ಬಾಗಿಲಲ್ಲಿದ್ದ ಯಾರೋ ಒಬ್ಬ ಪಕ್ಕನೆ ನಕ್ಕ, ಉಳಿದವರೂ ನಕ್ಕರು. "ನಮ್ಮ ಕುಳವಾಡಿ ಸ್ವಾಮಿ, ತಾಯಿ ಹೋಗ್ಯಾಳೆ, ಸ್ವಲ್ಪ ತಲೆ ಕೆಟ್ಟೈತೆ," ಎಂದರು ಪಟೇಲರು. ನಾಗೇಂದ್ರಪ್ಪ ನಗಲಿಲ್ಲ. ತಲೆಯನ್ನೂ ಎತ್ತಲಿಲ್ಲ. ಅಮಲ್ದಾರರು ಬರೆದುಕೊಂಡು ಕಾಫಿ ಕುಡಿದು ಬಿಸಿಲೇರುವ ಮುಂಚೆ ಹೊರಟುಹೋದರು.

ಇದಕ್ಕಿಂತ ಹೇಸಿಗೆಯ ದಿನ ಮಾರಪ್ಪನ ಬದುಕಿನಲ್ಲಿ ಬಂದಿರಲಿಲ್ಲ. ನಾಗೇಂದ್ರಪ್ಪನ ಮೇಲೆ ಎಷ್ಟು ಸಿಟ್ಟೋ ಅದಕ್ಕೆ ಎರಡರಷ್ಟು ತನ್ನ ಮೇಲೆ ಬಂತು. ಕರೆತಂದವನು ತಾನೇ. ಸುಳ್ಳು ಹೇಳುವವನಿಗೆ ದಾರಿ ತೋರಿಸಿ ಕುರ್ಚಿಯವರೆಗೆ ಬಿಟ್ಟುಬಂದವನು ತಾನೇ. ನನ್ನ ತಾಯಿಯ ಸಾವನ್ನು ನನ್ನ ಬಾಯಿಂದ ಹೇಳುವುದು ಬಿಟ್ಟು ಇನ್ನೊಬ್ಬನ ಬಾಯಿ ಎರವಲು ತರಲು ಓಡಿದ್ದೆನಲ್ಲ ಎಂದು ಗೋಡೆಗೆ ಹಣೆ ಚಚ್ಚಿಕೊಂಡ. ಮುಂದಿನ ವಾರದ ಪೇಪರಿನಲ್ಲಿ ‘ನ್ಯಾಮತಿಯಲ್ಲಿ ವಾಂತಿಭೇದಿ ಇಲ್ಲ’ ಎಂದು ಅದೇ ತಲೆಬರಹದ ಕೆಳಗೆ ತಿದ್ದುಪಡಿ ಬಂತು. ಅಷ್ಟರಲ್ಲಿ ಕೇರಿಯಲ್ಲಿ ಇನ್ನಿಬ್ಬರು ಹೋಗಿ ಲೆಕ್ಕ ಹದಿಮೂರಾಗಿತ್ತು. ಖಲಂದರ್ ಇದ್ದಿದ್ದರೆ ಸಾಕ್ಷಿಯನ್ನಾದರೂ ಹೇಳುತ್ತಿದ್ದ. ಅವನು ಮಗಳ ನಿಕಾಹ್‌ಗೆಂದು ಜಗಳೂರಿಗೆ ಹೋಗಿದ್ದ.

ರೋಗಕ್ಕೆ ತಿದ್ದುಪಡಿ ಓದಲು ಬರುತ್ತಿರಲಿಲ್ಲ. ಬುಧವಾರ ಬೆಳಗ್ಗೆ ನಾಗೇಂದ್ರಪ್ಪನ ತಾಯಿ ಕಸ್ತೂರಮ್ಮ ಹೋದಳು. ಮಂಗಳವಾರ ಸಂಜೆ ಹಿಡಿದುಕೊಂಡ ವಾಂತಿ ಬೆಳಗಾಗುವವರೆಗೂ ಬಿಡಲಿಲ್ಲ. ಮಾರಪ್ಪನಿಗೆ ಕರೆ ಬಂತು. ಕಟ್ಟೆಯ ಮೇಲೆ ಕೂತಿದ್ದ ನಾಗೇಂದ್ರಪ್ಪನ ಕಣ್ಣು ಕೆಂಪಗಿತ್ತು. ಒಬ್ಬನೇ ಮಗ ಅವನು.

"ಹೊನ್ನಾಳಿಗೆ ಹೋಗು. ನಮ್ಮ ಸೋದರಮಾವನ ಮನೆಗೆ ಸುದ್ದಿ ಮುಟ್ಟಿಸು. ನಾಳೆ ಬೆಳಗ್ಗೆ ಮಣ್ಣು," ಎಂದ. ಆಮೇಲೆ ದನಿ ಇಳಿಸಿ, "ಎದೆನೋವು ಬಂದು ಹೋದ್ಲು ಅಂತ ಹೇಳು. ಇಲ್ಲಾಂದ್ರೆ ಯಾರೂ ಮಣ್ಣಿಗೆ ಬರಾಕಿಲ್ಲ," ಎಂದ.

ಮಾರಪ್ಪ ರುಮಾಲು ಸುತ್ತಿಕೊಂಡು ಹೊರಟ. ಮೂರು ಹರದಾರಿ ದಾರಿ. ಅರ್ಧ ದಾರಿಯವರೆಗೆ ಆ ಮುದುಕಿಯ ನೆನಪಾಗುತ್ತಿತ್ತು. ಹಬ್ಬದ ದಿನ ಹಿತ್ತಲಿಗೆ ಕರೆದು ಹೋಳಿಗೆ ಹಾಕುತ್ತಿದ್ದವಳು, ಕೆಟ್ಟವಳಲ್ಲ. ಅವಳಿಗೆ ಅವಳ ಮಗ ಸುಳ್ಳು ಸಾವು ಕಟ್ಟುತ್ತಿದ್ದಾನೆ. ಇನ್ನರ್ಧ ದಾರಿಯಲ್ಲಿ ಗಿಡ್ಡಮ್ಮನ ನೆನಪಾಯಿತು. ಅವಳ ಸಾವನ್ನು ಹೇಳಲು ಯಾರೂ ಎಲ್ಲಿಗೂ ಹೋಗಿರಲಿಲ್ಲ.

ಹೊನ್ನಾಳಿಯಲ್ಲಿ ಸೋದರಮಾವನ ಜವಳಿ ಅಂಗಡಿ ತಾಲ್ಲೂಕು ಕಚೇರಿಯ ಮಗ್ಗುಲಲ್ಲೇ ಇತ್ತು, ಮನೆ ಅದರ ಹಿಂದೆ. ಮಾರಪ್ಪ ಬೀದಿಯಲ್ಲೇ ನಿಂತು ತಲೆಯ ರುಮಾಲು ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡ. ರುಮಾಲು ಬಿಚ್ಚಿದ ಸುದ್ದಿಯವನನ್ನು ಕಂಡರೆ ಯಾರಿಗೂ ಬೇರೆ ಹೇಳಬೇಕಾದ್ದಿಲ್ಲ. ಒಳಗಿಂದ ಹೆಂಗಸೊಬ್ಬಳು ಚೊಂಬು ನೀರು ತಂದು, ಸಾವು ಹೊಸಲು ದಾಟದಿರಲಿ ಎಂದು ಬಾಗಿಲಿಗೆ ಅಡ್ಡ ಹುಯ್ದಳು. ಆಮೇಲೆ ಯಾರು, ಏನಾಗಿತ್ತು ಎಂದು ಕೇಳಿದರು.

"ನ್ಯಾಮತಿ ಕಸ್ತೂರಮ್ಮನೋರು ಹೋದ್ರು. ವಾಂತಿಭೇದಿ ಕಣ್ರಿ. ಅವ್ರಿಗಿಂತ ಮೊದ್ಲು ನಮ್ಮ ಕೇರ್ಯಾಗೆ ಹದಿಮೂರು ಜನ ಹೋದ್ರು."

ಯಾರೂ ಅವನ ಮುಖ ದಿಟ್ಟಿಸಲಿಲ್ಲ. ನಿನ್ನ ಮಾತಿಗೆ ಸಾಕ್ಷಿ ಯಾರು ಎಂದು ಕೇಳಲಿಲ್ಲ. ಅಳು ಎದ್ದಿತು, ಅದರ ನಡುವೆಯೇ ಸೋದರಮಾವ ಅಂಗಿ ತೊಟ್ಟುಕೊಂಡು ಮಗ್ಗುಲ ಕಚೇರಿಗೆ ನುಗ್ಗಿದ. "ನ್ಯಾಮತಿಯಾಗೆ ವಾಂತಿಭೇದಿ ಇಲ್ಲ ಅಂತ ಬರಕೊಂಡು ಬಂದ್ರಲ್ಲ, ನಮ್ಮಕ್ಕನ್ನ ತಿಂತಲ್ರಿ ಅದು!" ಎಂದು ಅವನು ಕೂಗಿದ್ದು ಬೀದಿಯವರೆಗೂ ಕೇಳಿಸಿತು. ಮಾರಪ್ಪನ ಎಂಟು ಸಾಲು ಅಚ್ಚಾಗಿ ಬಂದರೂ ಆಗದಿದ್ದುದು ಒಂದು ರುಮಾಲು ಬಿಚ್ಚಿದ್ದಕ್ಕೆ ಆಯಿತು.

ಮಣ್ಣಿಗೆ ನಿಜವಾಗಿಯೂ ಯಾರೂ ಬರಲಿಲ್ಲ. ಸೋದರಮಾವನೊಬ್ಬ ಬಂದ. ನಾಗೇಂದ್ರಪ್ಪ ಮಾರಪ್ಪನನ್ನು ಹುಡುಕಿಕೊಂಡು ಹಿತ್ತಲಿಗೆ ಬಂದು, "ಏನು ಹೇಳಿದ್ಯೋ?" ಎಂದು ಹಲ್ಲು ಕಡಿದ.

"ಆಗಿದ್ದನ್ನ ಹೇಳಿದೆ ಸಾವ್ಕಾರ್ರೆ."

ನಾಗೇಂದ್ರಪ್ಪ ಕೈ ಎತ್ತಿದ. ಎತ್ತಿದ ಕೈಯನ್ನು ಹಾಗೇ ಇಳಿಸಿ ಒಳಗೆ ಹೋದ.

ಶುಕ್ರವಾರ ಹೆಲ್ತ್ ಇನ್ಸ್‌ಪೆಕ್ಟರು ಪೆಟ್ಟಿಗೆ ಹೊರಿಸಿಕೊಂಡು ಬಂದರು. ಚಾವಡಿಯಲ್ಲಿ ಸೂಜಿ ಶುರುವಾಯಿತು. ಪೇಟೆಯವರೆಲ್ಲ ಸಾಲುಗಟ್ಟಿ ತೋಳು ಕೊಟ್ಟರು. ಅಂಗಳದಲ್ಲಿ ಒಲೆ ಹೂಡಿ ಸೂಜಿ ಕುದಿಸುವ ನೀರು ಕಾಯಿಸುತ್ತಿದ್ದವನು ಮಾರಪ್ಪ. ಸಾಲು ಕರಗುತ್ತ ಬಂತು, ಪೆಟ್ಟಿಗೆ ಮುಚ್ಚುವ ಹೊತ್ತು ಬಂತು. ಕೇರಿಯ ಮಾತೇ ಯಾರೂ ಎತ್ತಲಿಲ್ಲ.

"ಕೇರಿಗೆ ಯಾವಾಗ ಬರ್ತೀರಿ ಸ್ವಾಮಿ?"

ಇನ್ಸ್‌ಪೆಕ್ಟರು ವಯಸ್ಸಿನ ಮನುಷ್ಯ, ದಣಿದಿದ್ದರು. "ನೋಡಪ್ಪ, ಔಷಧ ಇರೋದೇ ಕಡಿಮೆ. ಸಾವಾದ ಬೀದಿಗೆ ಹಾಕಿ ಅಂತ ಆರ್ಡರು. ಪುಸ್ತಕದಲ್ಲಿ ವಾಂತಿಭೇದಿ ಅಂತ ಇರೋದು ಒಂದೇ ಸಾವು, ಕಸ್ತೂರಮ್ಮನವರದು. ಕೇರಿಯಲ್ಲಿ ಇಲ್ಲ ಅಂತ ನಿಮ್ಮ ಬಾತ್ಮೀದಾರರೇ ಪೇಪರಿನಲ್ಲಿ ಹಾಕಿಸಿದ್ದಾರಲ್ಲ. ಮಿಕ್ಕಿದ್ದನ್ನ ನಾಳೆ ಚನ್ನಗಿರಿಗೆ ಒಯ್ಯಬೇಕು."

ಮಾತಾಡಿ ಮಾತಾಡಿ ಮಾರಪ್ಪನಿಗೆ ಸಾಕಾಗಿತ್ತು. ಬರೆದರೆ ಇನ್ನೊಬ್ಬನದಾಗುತ್ತದೆ, ಕೂಗಿದರೆ ಹುಚ್ಚನದಾಗುತ್ತದೆ. ಒಲೆಯ ಸೌದೆ ಎಳೆದು ಹಾಕಿ ಎದ್ದ. ಬೀದಿಗೆ ಇಳಿದು ಪಟೇಲರ ಮನೆಯ ಮುಂದೆ ನಿಂತು ರುಮಾಲು ಬಿಚ್ಚಿ ಹೆಗಲಿಗೆ ಹಾಕಿಕೊಂಡ.

ಪಟೇಲರ ತಾಯಿ ದ್ಯಾಮಮ್ಮ ಜಗುಲಿಯ ಮೇಲೆ ಬತ್ತಿ ಹೊಸೆಯುತ್ತಿದ್ದವಳು ಅವನನ್ನು ನೋಡಿ ಬೆಚ್ಚಿ ಚೊಂಬಿಗೆ ಕೈ ಹಾಕಿದಳು.

"ಗಿಡ್ಡಮ್ಮ ಹೋದ್ಲು," ಎಂದ ಮಾರಪ್ಪ.

ದ್ಯಾಮಮ್ಮ ಬಾಗಿಲಿಗೆ ಅಡ್ಡ ನೀರು ಹುಯ್ದಳು.

"ನಮ್ಮ ಕಕ್ಕ ಹಾಲಪ್ಪ ಹೋದ."

ಮತ್ತೆ ಹುಯ್ದಳು.

"ಅವ್ನ ಸೊಸೆ ಕಾಟಮ್ಮ ಹೋದ್ಲು. ಕಾಟಮ್ಮನ ಕೂಸು ಹೋತು."

ಹೆಸರು ಒಂದೊಂದಾಗಿ ಬರುತ್ತಿತ್ತು. ಚೊಂಬು ಬರಿದಾದಾಗ ಮುದುಕಿ ಒಳಗೆ ಕೂಗಿ ಕೊಡ ತರಿಸಿಕೊಂಡಳು. ಸತ್ತವರು ಯಾವ ಕೇರಿಯವರೆಂದು ಅವಳು ನೋಡಲಿಲ್ಲ. ಸಾವಿನ ಸುದ್ದಿ ಬಂದಾಗ ಕೈ ತಾನಾಗಿ ಏಳುವುದು ಅವಳು ಹುಟ್ಟಿದಾಗಿನಿಂದ ಬಂದದ್ದು. ಹದಿಮೂರು ಮುಗಿಸಿ ಮಾರಪ್ಪ ಪಕ್ಕದ ಮನೆಗೆ ಹೋಗಿ ಮತ್ತೆ ಗಿಡ್ಡಮ್ಮನಿಂದ ಶುರುಮಾಡಿದ. ಅಲ್ಲಿಯೂ ನೀರು ಬಿತ್ತು. ಅದರಾಚೆಯ ಮನೆಯಲ್ಲಿಯೂ ಬಿತ್ತು. ಬೀದಿಯ ಧೂಳೆಲ್ಲ ಕೆಸರಾಗತೊಡಗಿದಾಗ ಇನ್ಸ್‌ಪೆಕ್ಟರು ಚಾವಡಿಯಿಂದ ಹೊರಗೆ ಬಂದರು.

"ಏನಮ್ಮ ಇದೆಲ್ಲ?"

"ಸಾವಿನ ಸುದ್ದಿ ಸ್ವಾಮಿ. ತಲೆಗೊಂದು ಚೊಂಬು ನೀರು ಹಾಕ್ಬೇಕು," ಎಂದಳು ದ್ಯಾಮಮ್ಮ.

"ಅವನು ಹೇಳೋದು ನಿಜವೋ ಸುಳ್ಳೋ ಅಂತ ಕೇಳೋದಿಲ್ಲವೇ?"

ಮುದುಕಿಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಸುದ್ದಿಯೋನು ಸಾವಿನಾಗೆ ಸುಳ್ಳು ಹೇಳ್ತಾನಾ? ಅವ್ರಜ್ಜನ ಕಾಲ್ದಿಂದ ಒಂದು ಸುಳ್ಳು ಬಂದಿಲ್ಲ ಆ ಬಾಯಾಗೆ."

"ಒಳಗೆ ಹೋಗಮ್ಮ!" ಎಂದು ಪಟೇಲರು ಗದರಿದರು. ಆದರೆ ಇನ್ಸ್‌ಪೆಕ್ಟರು ಪೆನ್ಸಿಲ್ಲು ತೆಗೆದಾಗಿತ್ತು. ನಾಗೇಂದ್ರಪ್ಪನ ಮನೆಯವರೆಗೂ ಅವರು ಮಾರಪ್ಪನ ಹಿಂದೆಯೇ ನಡೆದು ಒಂದೊಂದು ಹೆಸರನ್ನೂ ಬರೆದುಕೊಂಡರು. ಅಲ್ಲಿ ಹೆಂಗಸರು ಸೂತಕದಲ್ಲಿ ಒಳಗಿದ್ದರು. ನಾಗೇಂದ್ರಪ್ಪನೇ ಎದ್ದು ಚೊಂಬು ತಂದ. ಹುಯ್ಯದೆ ಇರಲು ಅವನಿಗೆ ಧೈರ್ಯ ಬರಲಿಲ್ಲ. ಹದಿಮೂರು ಸಲ ಹುಯ್ದ, ಒಂದು ಸಲವೂ ಮಾರಪ್ಪನ ಮುಖ ನೋಡಲಿಲ್ಲ.

ಸಂಜೆಯೊಳಗೆ ಪೆಟ್ಟಿಗೆ ಕೇರಿಗೆ ಬಂತು, ಒರತೆಗೆ ಔಷಧ ಬಿತ್ತು. ಉಚ್ಚಂಗಮ್ಮ ಮೊದಲು ತೋಳು ಕೊಟ್ಟಳು. ಇಷ್ಟು ಆಯಿತಲ್ಲ ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಆದರೆ ಹೊರಡುವಾಗ ಇನ್ಸ್‌ಪೆಕ್ಟರು ತಮ್ಮ ಪುಸ್ತಕದಲ್ಲಿ ‘ಸುದ್ದಿ ಕೊಟ್ಟವರು’ ಎಂಬಲ್ಲಿ ಊರಿನ ದೊಡ್ಡವರೊಬ್ಬರ ರುಜು ಬೇಕೆಂದರು. ಪಟೇಲರು ಒಲ್ಲೆ ಎಂದರು. ಬಾತ್ಮೀದಾರರು ಇದ್ದಾರಲ್ಲ ಎಂದು ಯಾರೋ ನೆನಪು ಮಾಡಿದರು. ನಾಗೇಂದ್ರಪ್ಪ ಬಂದು ರುಜು ಹಾಕಿದ.

ಮರುವಾರ ಶನಿವಾರ ಬಂದ ಪೇಪರನ್ನು ಉಚ್ಚಂಗಮ್ಮ ಓದಿಸಿಕೊಂಡಳು. ಸೂಜಿ ಚುಚ್ಚಿದ ಗಂಟು ತೋಳಿನಲ್ಲಿ ಇನ್ನೂ ಕರಗಿರಲಿಲ್ಲ.

"‘ಮಾತೃವಿಯೋಗದ ದುಃಖದಲ್ಲಿಯೂ ನಮ್ಮ ನ್ಯಾಮತಿ ಬಾತ್ಮೀದಾರರಾದ ಶ್ರೀ ನಾಗೇಂದ್ರಪ್ಪನವರು ಮಾಡಿದ ಪ್ರಯತ್ನದಿಂದ ಕೇರಿಯವರಿಗೂ ಸೂಜಿ ದೊರೆತಿದೆ,’" ಎಂದು ಮಾರಪ್ಪ ಓದಿದ.

"ಅತ್ತೆ ಹೆಸ್ರು ಐತಾ?"

"ಇಲ್ಲ."

"ಸತ್ತೋರು ಎಷ್ಟು ಜನ ಅಂತ?"

"ಕೆಲವರು ಅಂತ ಹಾಕ್ಯಾರೆ."

ಉಚ್ಚಂಗಮ್ಮ ಎದ್ದು ರೊಟ್ಟಿ ಕಟ್ಟಿ ಅವನ ಮುಂದಿಟ್ಟಳು. "ಊರೂರಿಗೆ ಮಂದಿ ಸಾವು ಹೊತ್ಕೊಂಡು ಹೋಗ್ತೀಯ. ನಮ್ಮೋರ್ದು ಒಯ್ಯಾಕೆ ಕಾಲಿಲ್ಲೇನು?" ಎಂದಳು.

ಶಿವಮೊಗ್ಗೆ ಏಳು ಹರದಾರಿ. ಮಾರಪ್ಪ ಭಾನುವಾರ ನಡೆದ, ಸೋಮವಾರ ಬೆಳಗ್ಗೆ ವಿಚಾರಿಸಿಕೊಂಡು ಪತ್ರಿಕೆಯ ಅಚ್ಚುಕೂಟದ ಬಾಗಿಲಲ್ಲಿ ನಿಂತ. ಒಳಗೆ ಮೊಳೆ ಜೋಡಿಸುವ ಸದ್ದು. ಕನ್ನಡಕದ ಸಂಪಾದಕರು ಒದ್ದೆ ಪ್ರೂಫಿನ ಮೇಲೆ ಬಗ್ಗಿದ್ದರು. ಎರಡು ವರ್ಷದಿಂದ ತನಗೆ ‘ಮಾನ್ಯರೇ’ ಎಂದು ಕಾಗದ ಬರೆಯುತ್ತಿದ್ದವರು ಇವರೇ ಎಂದು ಮಾರಪ್ಪನಿಗೆ ಗೊತ್ತಾಯಿತು.

"ಸ್ವಾಮಿ, ನ್ಯಾಮತಿಯಿಂದ ಬಂದೀನಿ. ಸುದ್ದಿ ಐತೆ. ಹದಿಮೂರು ಹೆಸ್ರು ಅದಾವೆ."

ಸಂಪಾದಕರು ತಲೆ ಎತ್ತಲಿಲ್ಲ. ಕೆಟ್ಟ ದನಿಯಲ್ಲೇನೂ ಹೇಳಲಿಲ್ಲ. "ಹಾಗೆಲ್ಲ ಯಾರೋ ಬಂದು ಹೇಳಿದ್ದನ್ನ ನಾವು ಹಾಕೋದಿಲ್ಲಪ್ಪ. ನ್ಯಾಮತಿಯಲ್ಲಿ ನಮ್ಮ ಬಾತ್ಮೀದಾರರಿದ್ದಾರೆ, ಒಳ್ಳೆಯ ಮನುಷ್ಯರು. ಅವರ ಕೈಲಿ ಬರೆಸಿ ಕಳಿಸು," ಎಂದರು.

"ಅವ್ರ ಕೈಲೇ ಎರಡು ವರ್ಷ ಕಳಿಸಿ ನೋಡಿದೆ ಸ್ವಾಮಿ," ಎಂದ ಮಾರಪ್ಪ. "ಅದ್ಕೇ ಈಗ ನಡ್ಕೊಂಡು ಬಂದೆ."